ಸಿನಿಮಾ ಡಾಕ್ಟ್ರ ಕಾಗದ

ಮೀನು ಮಾರುವ ಗಂಗಿ ಆ ದಿನ ಬುಟ್ಟಿಯಿಲ್ಲದೆ ಬಂದಳು. ಶ್ರೀರಾಮ ಕಾಮತರಿಗೆ ಹಲ್ಲಿಲ್ಲವೆಂದು ಕೇಳದೆಯೇ ಮುಳ್ಳು ಕಡಿಮೆಯ ಮೀನು ಆರಿಸಿ ತರುವವಳು, ಈಗ ಅವರ ಕುಮಟೆಯ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು.

ಮಗ ಪಾಂಡು ಭಟ್ಕಳದ ಹತ್ತಿರ ಜಾಲಿಯಲ್ಲಿ ದೋಣಿಯ ಇಂಜಿನ್ ಕದ್ದು ಸಿಕ್ಕಿಬಿದ್ದಿದ್ದ. ನಾಳೆ ಜಾಮೀನಿನ ವಿಚಾರಣೆ.

"ಸಿನಿಮಾ ನೋಡಿ ಹಾಳಾದ ಅಂತ ಒಂದು ಕಾಗ್ದ ಬರ್ಕೊಡಿ, ಡಾಕ್ಟ್ರೆ. ನಿಮ್ಮ ಮಾತು ಕೋರ್ಟಲ್ಲಿ ನಡೀತದಂತೆ."

ಕೇರಿಯಲ್ಲಿ ಅವರು 'ಸಿನಿಮಾ ಡಾಕ್ಟ್ರು'. ಅಪರಾಧಶಾಸ್ತ್ರವೆಂಬ ಹೆಸರನ್ನೇ ಜನ ಕೇಳಿರದ ಕಾಲದಲ್ಲಿ ಅದನ್ನು ಓದಿದವರು. ಐವತ್ತು ವರ್ಷದ ಹಿಂದೆ ಒಂದು ಜೈಲಿನಲ್ಲಿ ನೂರು ಹುಡುಗರಿಗೆ, ಕಳ್ಳತನ ಎಲ್ಲಿ ಕಲಿತಿರಿ ಎಂದು ಕೇಳಿದ್ದರು. ಎಂಬತ್ತು ಮಂದಿ ಒಂದೇ ಸಿನಿಮಾದ ಹೆಸರು ಹೇಳಿದ್ದರು. ಆ ವರದಿ ನೋಡಿಯೇ ಸೆನ್ಸಾರಿನವರು ಅವರನ್ನು ಸಲಹೆಗೆ ಕರೆದದ್ದು. ಮುಂದೆ ಇಪ್ಪತ್ತು ವರ್ಷ ಅವರು ಬೆರಳು ತೋರಿಸಿದಲ್ಲಿ ಕತ್ತರಿ ಬಿತ್ತು.

"ಯಾವ ಸಿನಿಮಾ ನೋಡಿದ್ದ?"

ಗಂಗಿ ಸೊಂಟದಿಂದ ಚೀಟಿ ತೆಗೆದಳು. "ಇದ್ರಲ್ಲಿ ಬರ್ದದೆ. ಅವ ನೋಡ್ಲಿಲ್ಲ. ಅಲ್ಲೊಬ್ಬ ಪೊಲೀಸಿನವ, ಪಾಪ, ಒಳ್ಳೆಯವ. ಈ ಹೆಸ್ರು ಹೇಳು, ಬೇಗ ಬಿಡ್ತಾರೆ ಅಂತ ಬರ್ಕೊಟ್ಟ."

ಕಾಮತರು ಚೀಟಿ ಓದಿ ಅವಳ ಕೈಗೇ ಮರಳಿ ಕೊಟ್ಟರು. ಆ ಜೈಲಿನಲ್ಲಿ ಬೊಮ್ಮ ಎಂಬ ವಾರ್ಡರ್ ಇದ್ದ. ಒಬ್ಬೊಬ್ಬ ಹುಡುಗನನ್ನು ಕರೆತರುವಾಗಲೂ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಹೇಳುತ್ತಿದ್ದ. ಧೈರ್ಯ ಹೇಳುತ್ತಾನೆಂದು ಮೆಚ್ಚಿ, ವರದಿಯಲ್ಲಿ ಅವನಿಗೆ ಕೃತಜ್ಞತೆಯನ್ನೂ ಬರೆದಿದ್ದರು.

ಅದನ್ನೆಲ್ಲ ಗಂಗಿಗೆ ಹೇಳಿದರು. ಅವಳು ಕೇಳಿದ್ದು ಒಂದೇ. "ಆ ಹುಡುಗ್ರನ್ನ ಬಿಟ್ರಾ?"

"ಇಲ್ಲ. ಸಿನಿಮಾ ಮಾತ್ರ ಕತ್ತರಿಸಿದ್ರು."

ಗಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಮತರು ಕಾಗದ, ಪೆನ್ನು ತಂದು ಕೂತು ಕೇಳಿದರು, "ಪಾಂಡು ಎಂತಕ್ಕೆ ಕದ್ದ?" ಆ ನೂರು ಹುಡುಗರಲ್ಲಿ ಒಬ್ಬನಿಗೂ ಅವರು ಈ ಪ್ರಶ್ನೆ ಕೇಳಿರಲಿಲ್ಲ.

"ಗಾಳಿಗೆ ನಮ್ಮ ದೋಣಿ ಮಗುಚಿ ಇಂಜಿನ್ ಸಮುದ್ರದ ಪಾಲಾತು. ಆಮೇಲೆ ಅವ ಮಾತೇ ಬಿಟ್ಟಿದ್ದ. ಅಲ್ಲಿಂದ ನೀವು ತಿಂದ ಮೀನೆಲ್ಲ ಬೇರೆಯವ್ರ ದೋಣಿದು."

ಅವರು ಅದನ್ನೇ ಬರೆದು, ಓದಿ ಹೇಳಿದರು. "ನಾಳೆ ಭಟ್ಕಳಕ್ಕೆ ನಾನೂ ಬರ್ತೇನೆ."

"ನಿಮ್ಮನ್ನ ಹೊನ್ನಾವರ ದಾಟ್ಸೂದೇ ನಂಗೆ ಇನ್ನೊಂದು ಕೇಸು," ಎಂದಳು ಗಂಗಿ. ಕಣ್ಣು ಒರೆಸಿಕೊಂಡಳು. "ಇದ್ಕೆ ಬಿಡ್ತಾರಾ?"

"ಗೊತ್ತಿಲ್ಲ."

"ಆತು."

ಕಾಗದವನ್ನು ಜೋಪಾನವಾಗಿ ಮಡಿಸಿದಳು. ಚೀಟಿಯನ್ನು ಹರಿಯಲಿಲ್ಲ. ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.