ಹಾರ್ಲನ್ ಒಳಗಿದ್ದರೆ ಹೇಸರಗತ್ತೆಗಳು ಸೋಲುತ್ತವೆ

"ನನ್ ಮನೆ, ನನ್ ಟಿವಿ, ನನ್ ಕುರ್ಚಿ! ನಾನಿಲ್ಲಿ ಕೂತ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಹಾರ್ಲನ್ ಅರಚಿದ.

"ಇಡೀ ಊರಿನ ಗಂಟು ಹೋಗುತ್ತೆ ಭಾವ! ಎದ್ದೇಳು ಮೊದ್ಲು!"

ಅಡುಗೆಮನೆಯಲ್ಲಿ ಕೋಳಿರೆಕ್ಕೆ ಕರಿಯುತ್ತಿದ್ದ ವಂಡಾ ಇಣುಕಿ ನೋಡಿದಳು. ಅವಳ ತಮ್ಮ ಡೆಲ್ಬರ್ಟ್ ಟಿವಿಗೆ ಅಡ್ಡ ನಿಂತು, ದನ ತಡೆಯುವವನಂತೆ ಎರಡೂ ಕೈ ಚಾಚಿದ್ದ. ಮುಖಕ್ಕೆ ಅರ್ಧ ಕೆಂಪು, ಅರ್ಧ ಹಳದಿಯಾಗಿ ತಂಡದ ಬಣ್ಣ ಬಳಿದುಕೊಂಡಿದ್ದರಿಂದ ಅವನ ಸಿಟ್ಟಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲುತ್ತಿರಲಿಲ್ಲ. ಅವಳ ಗಂಡ ಹಾರ್ಲನ್ ಮಾತ್ರ ತನ್ನ ಒರಗುಕುರ್ಚಿಯಲ್ಲಿ ಕಾಲು ಚಾಚಿ, ಕೈಹಿಡಿಗಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ.

ಇದನ್ನು ಶುರುಮಾಡಿದ್ದು ವಂಡಾಳೇ. ಸೆಪ್ಟೆಂಬರಿನ ಮೊದಲ ಪಂದ್ಯದ ದಿನ ಹಾರ್ಲನ್ ಹಿತ್ತಲಲ್ಲಿ ಕೆಂಡದ ಮೇಲಿಟ್ಟ ಮಾಂಸ ತಿರುವಿಹಾಕಲು ಹೋಗಿದ್ದ. ಆಗಲೇ ಬೆಲ್ವಾಟಾ ಕಾಲೇಜಿನ ಹೇಸರಗತ್ತೆಗಳು, ಅಂದರೆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದವರು, ಚೆಂಡನ್ನು ಎದುರಾಳಿಗಳ ಗೆರೆ ದಾಟಿಸಿ ಟಚ್‌ಡೌನ್ ಹೊಡೆದರು. ಅವನು ಒಳಗೆ ಬಂದ, ಎದುರಾಳಿಗಳು ಚೆಂಡು ಕಿತ್ತುಕೊಂಡು ಓಡಿದರು. ಮತ್ತೆ ಹಿತ್ತಲಿಗೆ ಹೋದ, ಮತ್ತೆ ಟಚ್‌ಡೌನ್. "ನೀನು ಹೊರಗೇ ಇದ್ಬಿಡಪ್ಪ," ಎಂದು ವಂಡಾ ನಕ್ಕಳು. ಮುಂದಿನ ಶನಿವಾರದ ಹೊತ್ತಿಗೆ ಅದು ಕಾನೂನಾಗಿತ್ತು.

ಬೆಲ್ವಾಟಾದಲ್ಲಿ ಇಂಥದ್ದಕ್ಕೆ ಯಾರೂ ನಗುವುದಿಲ್ಲ. ಡೆಲ್ಬರ್ಟ್ ಸೆಪ್ಟೆಂಬರಿನಿಂದ ತನ್ನ ಜರ್ಸಿ ಒಗೆದಿರಲಿಲ್ಲ. ಅವನು ಕೂತ ಸೋಫಾದ ಮೇಲೆ ನಾಯಿಯೂ ಮಲಗುತ್ತಿರಲಿಲ್ಲ. ಪಾದ್ರಿ ಕ್ಲೀವನ್ ಎಡಗಾಲಿನ ಕಾಲುಚೀಲವನ್ನು ಒಳಗುಹೊರಗು ಮಾಡಿ ಹಾಕಿಕೊಂಡೇ ಪ್ರವಚನ ಮಾಡುತ್ತಿದ್ದರು. ಹಾರ್ಲನ್ ಶನಿವಾರ ಶನಿವಾರ ಗ್ಯಾರೇಜಿನಲ್ಲಿ ಕೂತು ಹುಲ್ಲು ಕತ್ತರಿಸುವ ಯಂತ್ರದ ಅಲಗು ಮಸೆದ. ನವೆಂಬರಿನಲ್ಲಿ ಹುಲ್ಲೇ ಇರಲಿಲ್ಲ, ಆದರೂ ಮಸೆದ. ಹುಟ್ಟಿದಾಗಿನಿಂದ ಸೋತೇ ಬಂದ ತಂಡ ಒಂದೂ ಪಂದ್ಯ ಸೋಲದೆ ಜನವರಿಯ ಈ ಸೋಮವಾರ ಸಂಜೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಬಂದು ನಿಂತಿತ್ತು. ಈ ಪಂದ್ಯವೊಂದನ್ನಾದರೂ ತನ್ನ ಕುರ್ಚಿಯಲ್ಲಿ ಕೂತು ನೋಡಬೇಕೆಂದು ಹಾರ್ಲನ್ ಹಟ ಹಿಡಿದಿದ್ದ.

"ಆ ಕಾಲೇಜಿನ ತಂಡದಲ್ಲಿ ನಾನೂ ಇದ್ದೆ," ಎಂದ ಅವನು. "ನಾಲ್ಕು ವರ್ಷ ಬೆಂಚಿನ ಮೇಲೆ ಕೂರಿಸಿದ್ರು. ಒಂದ್ಸಲಾನೂ ಮೈದಾನಕ್ಕೆ ಇಳಿಸ್ಲಿಲ್ಲ. ಈಗ ಬೆಂಚಿನಿಂದಾನೂ ಓಡಿಸ್ತೀರಾ?"

"ಆಗ್ಲೇ ಓಡ್ಸಿದ್ರೆ ಆಗ್ಲೇ ಗೆಲ್ತಿದ್ವೇನೋ," ಎಂದ ಡೆಲ್ಬರ್ಟ್.

ಅಷ್ಟರಲ್ಲಿ ಪಾದ್ರಿಗಳು ಪೆಕಾನ್ ಬೀಜದ ಸಿಹಿ ಪೈ ಹಿಡಿದು ಒಳಗೆ ಬಂದರು. ಅವರ ಹಿಂದೆ, ಅಂಗಳದಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ಊರಿನ ಅರ್ಧ ಜನ ಕೂತಿದ್ದರು. ಅವರು ಬಂದದ್ದು ಪಂದ್ಯ ನೋಡಲು ಅಲ್ಲ, ಹಾರ್ಲನ್‌ನನ್ನು ನೋಡಲು. ಒಬ್ಬಳು 'ಹಾರ್ಲನ್, ಹೊರಗೆ ಬಾ' ಎಂಬ ಫಲಕ ಎತ್ತಿಹಿಡಿದಿದ್ದಳು.

"ನಿನ್ನೆ ಚರ್ಚಿನಲ್ಲಿ ಎಲ್ಲರೂ ಪ್ರಾರ್ಥನೆ ಮಾಡಿದ್ವಿ ಹಾರ್ಲನ್," ಎಂದರು ಪಾದ್ರಿಗಳು. "ನಮ್ಮ ಹುಡುಗರ ಕಾಲು ಗಟ್ಟಿಯಾಗಿರ್ಲಿ ಅಂತ, ಮತ್ತೆ ನೀನು ಮನೇಲಿರದ ಹಾಗಾಗ್ಲಿ ಅಂತ."

"ಪೈ ಇಟ್ಟು ಹೋಗಿ ಪಾದ್ರಿಗಳೇ."

ಪಾದ್ರಿಗಳು ಪೈ ಇಟ್ಟರು, ಹೋಗಲಿಲ್ಲ. ಪಂದ್ಯ ಶುರುವಾಯಿತು. ಎದುರಾಳಿಗಳಾದ ಉತ್ತರದ ಕಾಲೇಜಿನವರು ಒಂದು ಟಚ್‌ಡೌನ್ ಹೊಡೆದರು. ಆಮೇಲೆ ಇನ್ನೊಂದು. ಕೋಣೆಯಲ್ಲಿ ಯಾರೂ ಟಿವಿ ನೋಡುತ್ತಿರಲಿಲ್ಲ, ಎಲ್ಲರೂ ಹಾರ್ಲನ್‌ನ ಮುಖ ನೋಡುತ್ತಿದ್ದರು. ಕೊನೆಗೆ ಅವನು ಬಚ್ಚಲಿಗೆ ಎದ್ದು ಹೋದ. ಬಾಗಿಲು ಹಾಕಿದನೋ ಇಲ್ಲವೋ, ಮನೆಯ ಚಾವಣಿ ಹಾರಿಹೋಗುವಂತೆ ಕೂಗೆದ್ದಿತು.

"ಏನಾಯ್ತು? ಹೊಡೆದ್ರಾ?" ಹಾರ್ಲನ್ ಪ್ಯಾಂಟು ಹಿಡಿದುಕೊಂಡೇ ಓಡಿಬಂದ. "ಪಕ್ಕಕ್ಕೆ ಸರೀರಿ, ಮತ್ತೆ ತೋರಿಸ್ತಾರೆ, ಅದನ್ನಾದ್ರೂ ನೋಡ್ತೀನಿ!"

ಪಾದ್ರಿಗಳು ತಮ್ಮ ಕೋಟು ಬಿಚ್ಚಿ ಟಿವಿಯ ಮೇಲೆ ಹಾಕಿದರು. "ಬೇಡಪ್ಪ! ನೀನು ನೋಡಿದ್ರೆ ಅದೂ ಕೆಟ್ಟೀತು!"

ಹಾರ್ಲನ್‌ಗೆ ಸಿಟ್ಟು ನೆತ್ತಿಗೇರಿತು. "ಕೇಳಿ ಇಲ್ಲಿ! ಸೆಮಿಫೈನಲ್ ಪೂರ್ತಿ ನೋಡಿದೀನಿ ನಾನು! ಹೆದ್ದಾರಿ ಪಕ್ಕದ ವಾಫಲ್ ಹೋಟ್ಲಲ್ಲಿ ಕೂತು, ಕಣ್ಣು ಬಿಟ್ಕೊಂಡು ನೋಡಿದೀನಿ. ಗೆದ್ರಲ್ಲ? ಈಗೇನಂತೀರಿ?"

ವಂಡಾ ಜಾಲರಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಗ್ಯಾರೇಜಲ್ಲಿದ್ದೆ ಅಂದ್ಯಲ್ಲ?"

"ಗ್ಯಾರೇಜಲ್ಲಿ ಟಿವಿ ಇದ್ಯಾ?"

ಮೂಢನಂಬಿಕೆ ಅಲ್ಲಿಗೆ ಸಾಯಬೇಕಿತ್ತು. ಸಾಯಲಿಲ್ಲ. ಪಾದ್ರಿಗಳು ಗದ್ದ ಕೆರೆದುಕೊಂಡು, "ಹಾಗಾದ್ರೆ ದೋಷ ಇವನ ಕಣ್ಣಲ್ಲಿಲ್ಲ," ಎಂದು ತೀರ್ಪು ಕೊಟ್ಟರು. "ಇವನು ಈ ಮನೆ ಒಳಗಿರೋದ್ರಲ್ಲಿದೆ. ಬಚ್ಚಲು ಲೆಕ್ಕಕ್ಕಿಲ್ಲ."

"ಪರೀಕ್ಷೆ ಮಾಡೋಣ," ಎಂದ ಡೆಲ್ಬರ್ಟ್, ಭಾವನ ತೋಳು ಹಿಡಿದೆಳೆಯುತ್ತ. ಎಳೆದಾಟದಲ್ಲಿ ಹಾರ್ಲನ್‌ನ ಒಂದು ಕಾಲು ಹೊಸಿಲಿನ ಆಚೆ, ಒಂದು ಕಾಲು ಈಚೆ ಆಯಿತು. ಸರಿಯಾಗಿ ಅದೇ ಹೊತ್ತಿಗೆ ಹೇಸರಗತ್ತೆಗಳು ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ವಾಪಸ್ ಬಂತು.

"ನೋಡಿದ್ರಾ!" ಡೆಲ್ಬರ್ಟ್ ಕುಣಿದಾಡಿದ. "ಅರ್ಧ ಒಳಗೆ, ಅರ್ಧ ಹೊರಗೆ! ಚೆಂಡೂ ಹಾಗೇ ಆಯ್ತು!"

ಹಾರ್ಲನ್ ಅವನನ್ನು ತಳ್ಳಿ ಮತ್ತೆ ಬಂದು ಕುರ್ಚಿಯಲ್ಲಿ ಕೂತ. ಆಮೇಲೆ ತುಂಬ ಹೊತ್ತು ಎರಡೂ ಕಡೆಯವರಿಗೆ ಏನೂ ಗಿಟ್ಟಲಿಲ್ಲ. ಪಂದ್ಯ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಹೇಸರಗತ್ತೆಗಳು ಇನ್ನೊಂದು ಹೊಡೆದು ಸಮ ಮಾಡಿಕೊಂಡರು. ಅವನು ಒಳಗಿದ್ದಾಗಲೇ ಹೊಡೆದರು, ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. "ಈಗಲಾದ್ರೂ ಹೊರಗೆ ಹೋಗು!" ಎಂದು ಅಂಗಳವೆಲ್ಲ ಒಂದೇ ದನಿಯಲ್ಲಿ ಕೂಗಿತು.

ಹಾರ್ಲನ್ ಯಾರ ಕಡೆಗೂ ನೋಡದೆ ಹೆಂಡತಿಯತ್ತ ತಿರುಗಿದ. "ವಂಡಾ, ನೀನು ಹೇಳು. ನಾನಿರ್ಬೇಕಾ, ತಂಡ ಗೆಲ್ಬೇಕಾ?"

ಇದೇನು ಯೋಚನೆ ಮಾಡುವ ಪ್ರಶ್ನೆಯೇ? ವಂಡಾ ಬಾಯಿ ತೆರೆದಳು. ಉತ್ತರ ನಾಲಿಗೆಯ ಮೇಲೇ ಇತ್ತು. ಆದರೆ ಟಿವಿಯಲ್ಲಿ ಚೆಂಡು ಮತ್ತೆ ಹೇಸರಗತ್ತೆಗಳ ಕೈಗೆ ಬಂದಿತ್ತು. ಎಲ್ಲಿಗೆ ಬಂದಿದೆ ಎಂದು ನೋಡಲು ಅವಳ ಕಣ್ಣು ಒಂದು ಗಳಿಗೆ, ಒಂದೇ ಗಳಿಗೆ, ಅತ್ತ ಹೋಯಿತು.

ಹಾರ್ಲನ್ ಅದನ್ನು ನೋಡಿಬಿಟ್ಟ.

ಅವನು ಕೂಗಾಡಲಿಲ್ಲ. ವಂಡಾಳಿಗೆ ಹೆದರಿಕೆ ಹುಟ್ಟಿದ್ದು ಅದಕ್ಕೇ. ಎದ್ದು, ಟೋಪಿ ಹಾಕಿಕೊಂಡು, ಪಾದ್ರಿಗಳ ಪೈ ಎತ್ತಿಕೊಂಡ. "ಡೆಲ್ಬರ್ಟ್, ಕುರ್ಚಿಗೆ ಆ ಕಡೆ ಕೈ ಕೊಡು," ಎಂದ.

ಡೆಲ್ಬರ್ಟ್‌ಗೆ ಒಮ್ಮೆಲೇ ಭಾವನ ಮೇಲೆ ಪ್ರೀತಿ ಉಕ್ಕಿತು. "ನಿಧಾನ ಭಾವ, ಸೊಂಟ ಜೋಪಾನ ಭಾವ," ಎನ್ನುತ್ತ ಕುರ್ಚಿ ಹೊತ್ತ. ಜನ ಮದುವಣಿಗನಿಗೆ ದಾರಿ ಬಿಡುವಂತೆ ಎರಡು ಕಡೆ ಸರಿದು ಚಪ್ಪಾಳೆ ತಟ್ಟಿದರು. ಕುರ್ಚಿ ಪಿಕಪ್ಪಿನ ಹಿಂಬದಿಗೆ ಏರಿತು. ಪೈ ಮುಂದಿನ ಸೀಟಿನಲ್ಲಿ ಕೂತಿತು.

"ಹಾರ್ಲನ್, ನಾನು ಹೇಳೋಕೆ ಹೊರಟಿದ್ದೆ ಕಣೋ!" ಎಂದು ವಂಡಾ ಮೆಟ್ಟಿಲ ಮೇಲಿಂದ ಕೂಗಿದಳು. ಗಾಡಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಗಾಡಿ ತಿರುವು ದಾಟುವ ಮೊದಲೇ ಒಳಗೆ ಟಿವಿಯ ಮುಂದೆ ಪಾದ್ರಿಗಳು ಮಂಡಿಯೂರಿ ಅಳತೊಡಗಿದ್ದರು. ಬೆಲ್ವಾಟಾ ಗೆದ್ದಿತ್ತು.

ಜನವೆಲ್ಲ ಬೀದಿಗೆ ಬಿದ್ದು ಕುಣಿಯುತ್ತಿದ್ದಾಗ ವಂಡಾ ಫೋನು ಮಾಡಿದಳು. ಅತ್ತ ಕಡೆ ಪಾತ್ರೆಗಳ ಸದ್ದು, ಯಾರೋ ವಾಫಲ್ ಕೇಳುವ ಸದ್ದು.

"ಮತ್ತೆ ತೋರಿಸಿದಾಗ ನೋಡಿದೆ," ಎಂದ ಹಾರ್ಲನ್. "ಚೆನ್ನಾಗಿತ್ತು."

"ಮನೆಗೆ ಬಾ. ರೆಕ್ಕೆ ಬಿಸಿ ಇದೆ."

"ಬರಲ್ಲ. ನಾನು ಬಂದು, ಕೊಟ್ಟ ಕಪ್ ವಾಪಸ್ ಕಿತ್ಕೊಂಡ್ರೆ?"

ಅವನು ತಮಾಷೆ ಮಾಡಿದನೇ ಎಂದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಅವನು ಬರಲಿಲ್ಲ. ವಿಜಯದ ಮೆರವಣಿಗೆ ಅವರ ಮನೆಯ ಮುಂದೆಯೇ ಹಾದುಹೋಯಿತು, 'ಥ್ಯಾಂಕ್ಸ್ ಹಾರ್ಲನ್' ಎಂಬ ಫಲಕದ ಸಮೇತ. ಆಗಲೂ ಬರಲಿಲ್ಲ. ಕುರ್ಚಿಯ ಕಾಲುಗಳು ಕಾರ್ಪೆಟ್ಟಿನಲ್ಲಿ ಒತ್ತಿದ ಗುಳಿಗಳನ್ನು ತುಳಿಯದೆ ಜನ ಸುತ್ತಿ ನಡೆದರು. ಫೆಬ್ರವರಿಯಲ್ಲಿ ವಂಡಾ ತಾನೇ ಹೋಗಿ ಕರೆದು ತರುತ್ತೇನೆಂದು ಕೋಟು ಹಾಕಿಕೊಂಡಾಗ ಡೆಲ್ಬರ್ಟ್ ಗಾಬರಿಯಾಗಿ ಅಡ್ಡ ನಿಂತ.

"ಬೇಡ ಅಕ್ಕ. ಸೆಪ್ಟೆಂಬರ್ ಹತ್ರ ಬಂತು."

"ನಡಿಯೋ ಆಚೆ, ದರಿದ್ರದವನೇ!"

"ಹೋಗ್ತೀನಿ," ಎಂದ ಡೆಲ್ಬರ್ಟ್, ಬಲು ಗಂಭೀರವಾಗಿ. "ಯಾವ ಪಂದ್ಯಕ್ಕೆ ಹೊರಗಿರ್ಬೇಕು?"

ವಂಡಾ ಅವನನ್ನು ದಾಟಿ ಹೋದಳು. ಹೆದ್ದಾರಿ ಪಕ್ಕದ ಹೋಟೆಲಿನ ಟಿವಿಯ ಎದುರು, ಬೇರೆ ಯಾರೂ ಕೂರದ ಹಾಗೆ, ಒರಗುಕುರ್ಚಿ ಇತ್ತು. ಮನೆಗೆ ಬಾ ಎಂದು ಅವಳು ಎಷ್ಟೋ ಹೇಳಿದಳು, ಅತ್ತಳು. ಹಾರ್ಲನ್ ಎಲ್ಲ ಕೇಳಿಸಿಕೊಂಡ, ಅವಳಿಗೂ ಒಂದು ವಾಫಲ್ ಹೇಳಿದ.

ಮನೆಗೆ ಬರಲಿಲ್ಲ.