ಒಗೆದು ನೋಡದ ತುಂಡು

ಗಂಜಿ ಹಾಕಿದ ಬಟ್ಟೆ ಇಸ್ತ್ರಿಪೆಟ್ಟಿಗೆಯಡಿ ಸೀದ ವಾಸನೆ. ಸೂಪರ್‌ವೈಸರ್ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತಿದ್ದವಳಿಗೆ ಅದೇ ನೆನಪಾಯಿತು. ಅಮ್ಮ ನಾಲ್ಕು ಮನೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಒಮ್ಮೆ ಯಾರದೋ ಬಿಳಿ ಅಂಗಿ ಸುಟ್ಟಾಗ, ಕಲೆ ಎದ್ದು ಕಾಣುವಂತೆ ಅದನ್ನು ಬಿಡಿಸಿ ಹಿಡಿದುಕೊಂಡೇ ಅವರ ಮನೆಗೆ ನಡೆದಿದ್ದಳು. ಇವಳು ಅಮ್ಮನ ಸೆರಗಿನ ಹಿಂದೆ ಅವಿತಿದ್ದಳು.

ಮೇಜಿನ ಮೇಲೆ ಬೀದಿ ಗುಡಿಸುವವರಿಗೆಂದು ಹೊಲಿದ ಮಳೆಕೋಟು. ಸೂಪರ್‌ವೈಸರ್ ಅದರ ಮೇಲೆ ಲೋಟದ ನೀರು ಸುರಿದರು.

"ನೋಡಿ, ಒಂದೇ ಒಗೆತಕ್ಕೆ ಗೋಣಿಚೀಲದ ಹಾಗೆ ನೀರು ಕುಡೀತಿದೆ. ಈ ಬಟ್ಟೆ ಮಾಡಿದ ದಿನ ಓವನ್ ಸರಿಯಾಗಿ ಕಾದಿಲ್ಲ, ನೀರು ತಡೆಯೋ ಕೆಮಿಕಲ್ ಬಟ್ಟೆಗೆ ಹಿಡಿದೇ ಇಲ್ಲ. ನಿಮಗೆ ಹೇಳಿದ್ದೆ ಅಂತಾರೆ ಇವರು. ಹೌದಾ?"

'ಇವರು' ಅಂದರೆ ಪಕ್ಕದಲ್ಲೇ ನಿಂತಿದ್ದ ಓವನ್ ಅಕ್ಕ. ಹತ್ತೊಂಬತ್ತು ವರ್ಷದಿಂದ ಅದೇ ಯಂತ್ರ ನೋಡಿಕೊಂಡವಳು. ಆ ದಿನ ಸಂಜೆ, ಇವಳು ಬಟ್ಟೆ ಪರೀಕ್ಷಿಸುವ ಕೋಣೆಗೇ ಬಂದು ಹೇಳಿದ್ದಳು: "ಓವನ್ ಇವತ್ತು ಮುನಿಸ್ಕೊಂಡಿದೆ ಕಣೇ. ಈ ತುಂಡನ್ನ ಐದು ಸಲ ಒಗೆದು ನೋಡದೆ ಪಾಸ್ ಅಂತ ಸೀಲು ಒತ್ತಬೇಡ."

ಐದು ಒಗೆತಕ್ಕೆ ಮೂರು ಗಂಟೆ ಬೇಕು. ಮನೆಯಲ್ಲಿ ಮಗಳಿಗೆ ಜ್ವರ. ತುಂಡಿನ ಮೇಲೆ ಚಿಮುಕಿಸಿದ ನೀರು ಮಣಿಮಣಿಯಾಗಿ ಉರುಳಿಹೋಗಿತ್ತು. ಅಷ್ಟು ಸಾಕೆಂದು ಸೀಲು ಒತ್ತಿ, ಬಸ್ಸಿಗೆ ಓಡಿದ್ದಳು.

"ಇಲ್ಲ ಸರ್. ನನಗೇನೂ ಹೇಳಿಲ್ಲ."

ಅಕ್ಕ ಒಮ್ಮೆ ಅವಳ ಮುಖ ನೋಡಿದಳು. ಮೇಜಿನಿಂದ ಇಳಿಯುತ್ತಿದ್ದ ನೀರನ್ನು ಸೆರಗಿನ ತುದಿಯಿಂದ ಒರೆಸಿದಳು.

"ನಾಳೆಯಿಂದ ನೀವು ಮಡಚುವ ಮೇಜಿಗೆ ಹೋಗಿ," ಎಂದರು ಸೂಪರ್‌ವೈಸರ್ ಅಕ್ಕನಿಗೆ.

ಹೊರಗೆ ಬಂದ ಮೇಲೆ "ಅಕ್ಕಾ..." ಅಂದಳು.

"ಮಗಳು ಈಗ ಸರಿಯಾಗಿ ಊಟ ಮಾಡ್ತಾಳಾ?" ಅಕ್ಕ ಕೇಳಿದಳು.

"ಮಾಡ್ತಾಳೆ."

"ಹ್ಞೂಂ," ಎಂದು ಅಕ್ಕ ತನ್ನ ಕೈಗವಸು, ಕೂರುವ ದಿಂಬು ತೆಗೆದುಕೊಳ್ಳಲು ಯಂತ್ರದ ಕಡೆ ಹೋದಳು.

ಪರೀಕ್ಷೆಯ ಕೋಣೆಯಲ್ಲಿ ಇವಳು ತನ್ನ ಡ್ರಾಯರ್ ಎಳೆದಳು. ಆ ದಿನದ ತುಂಡು ಅಲ್ಲೇ ಇತ್ತು, ಅಂಗಡಿಯಿಂದ ತಂದ ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿ. ಮೂಲೆಯಲ್ಲಿ ಅವಳದೇ ಸೀಲು. ಮಡಚಲು ಹೋದ ಕೈ ಅರ್ಧಕ್ಕೇ ನಿಂತಿತು. ಸೀಲು ಕಾಣುವಂತೆ ಬಿಡಿಸಿ ಹಿಡಿದು, ಸೂಪರ್‌ವೈಸರ್ ಕೋಣೆಗೆ ವಾಪಸು ನಡೆದಳು.

ಆಮೇಲೆ ಅಕ್ಕನನ್ನೂ ಒಳಗೆ ಕರೆಸಿದರು. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿದರು. ಎಲ್ಲ ಮುಗಿದು ಇವಳು ಹೊರಬಿದ್ದಾಗ ಊಟದ ಗಂಟೆ ಕಳೆದು ಬಹಳ ಹೊತ್ತಾಗಿತ್ತು. ಪರೀಕ್ಷೆಯವರ ಬಿಳಿ ಕೋಟನ್ನು ಅಲ್ಲೇ ಬಿಚ್ಚಿಕೊಟ್ಟು ಬಂದಿದ್ದಳು. ಊಟದ ಕೋಣೆಯಲ್ಲಿ ಅಕ್ಕ ಒಬ್ಬಳೇ ಕೂತಿದ್ದಳು. ಇವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮಡಚುವ ಮೇಜು ಕಿಟಕಿ ಪಕ್ಕ ಇದೆ, ಇನ್ನು ಗಾಳಿಗೆ ಕೂರಬಹುದು ಅಂದ್ಕೊಂಡಿದ್ದೆ," ಎಂದಳು ಅಕ್ಕ. "ಅದನ್ನೂ ಕಿತ್ಕೊಂಡ್ಯಲ್ಲೇ. ಮತ್ತೆ ಅದೇ ಓವನ್ ಕಾವು ನನಗೆ."

ಅಕ್ಕ ಡಬ್ಬಿಯ ಮುಚ್ಚಳದಲ್ಲಿ ತೆಗೆದಿಟ್ಟಿದ್ದ ಅರ್ಧ ಊಟವನ್ನು ಅವಳ ಮುಂದಕ್ಕೆ ಸರಿಸಿ, ಚಮಚ ಒರೆಸಿ ಪಕ್ಕದಲ್ಲಿಟ್ಟಳು.