ಉಡಿ ತುಂಬಿದ ಸೀರೆ

“ಕೆನ್ನೆಗೆ ಸ್ವಲ್ಪ ಮಸಿ ಹಚ್ಕೊಳಮ್ಮ, ಆಗ ವೇಷಕ್ಕೆ ಕಳೆ ಬರುತ್ತೆ” ಎಂದು ಪುಷ್ಪಲತಾ ಮೇಡಂ ಶ್ರೀದೇವಿಯತ್ತ ಕಪ್ಪು ಬಣ್ಣದ ಡಬ್ಬಿ ಚಾಚಿದಾಗ, ಗೋಡೆಗೊರಗಿ ಕೂತಿದ್ದ ನೀಲಗಂಗವ್ವ ತಟ್ಟನೆ ತಲೆಯೆತ್ತಿದಳು.

ಮೇಡಂ ಮೈಸೂರು ಕಡೆಯಿಂದ ಹಾವೇರಿಯ ಈ ಕಾಲೇಜಿಗೆ ಬಂದವರು. ಮೊಮ್ಮಗಳು ಶ್ರೀದೇವಿ, “ಕಾಲೇಜಿನ ಸ್ಪರ್ಧ್ಯಾಗ ನಮ್ಮ ಕಡಿ ಉಡುಗಿ-ತೊಡುಗಿ ತೋರ್ಸೋದೈತಿ” ಎಂದಿದ್ದಕ್ಕೆ ನೀಲಗಂಗವ್ವ ಕರ್ಜಗಿಯಿಂದ ತನ್ನ ಇಳಕಲ್ ಸೀರೆ ತಂದು, ಕೈಯಾರೆ ಕಚ್ಚೆ ಹಾಕಿ ಉಡಿಸಿದ್ದಳು. ವರ್ಷವೂ ದ್ಯಾಮವ್ವನಿಗೆ ಉಡಿ ತುಂಬಲು ಹೋಗುವಾಗ ಅವಳು ಉಡುತ್ತಿದ್ದ ಸೀರೆ ಅದು. ಶ್ರೀದೇವಿಯ ತಾಯಿ ಬಸುರಿಯಾದಾಗ ಅಕ್ಕಿ, ಕೊಬ್ಬರಿ, ಅರಿಶಿನಕೊಂಬು ಬಿದ್ದದ್ದೂ ಅದೇ ಸೀರೆಯ ಉಡಿಗೆ. ಮಸಿ ಸೋಕಿದರೆ ಮತ್ತೆ ದೇವಿಯ ಮುಂದೆ ಉಡುವಂತಿರಲಿಲ್ಲ.

“ಯಾವ ವೇಷ್ರೀ ಬಾಯಾರ?”

“ಕೂಲಿ ಹೆಂಗಸಿನ ವೇಷ ಅಜ್ಜಿ. ನೀವೂ ಅದರಲ್ಲೇ ಬಂದಿದೀರಲ್ಲ, ಚೆನ್ನಾಗಿದೆ!”

ಸುತ್ತಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಹೊಲಕ್ಕೂ ಗುಡಿಗೂ ಮಗನ ಮದುವೆಗೂ ಹೀಗೇ ಉಟ್ಟು ಹೋದವಳ ಮೈ ಉರಿಯಿತು.

“ವೇಷ ಹಾಕಾವ್ರು ಸಂಜಿಕ ಬಿಚ್ಚಿ ಇಡ್ತಾರ್ರಿ. ನಾ ಇದನ್ನ ಬಿಚ್ಚಿ ಏನ್ ಉಡ್ಲಿ? ಮತ್ತ ಕೂಲಿ ಮಾಡಾಕಿ ಮಾರಿಗೆ ಮಸಿ ಬಳಕೊಂಡು ತಿರಗ್ತಾಳೇನು? ನಮ್ಮೂರ ದುರಗವ್ವ ಕೂಲಿಗೆ ಹೋಗಾಕಿ. ಆಕಿ ಮಾರಿ ನಿಮ್ಮ ಕನ್ನಡಿಗಿಂತ ಸ್ವಚ್ಛ ಇರ್ತೈತಿ.”

“ಅಯ್ಯೋ, ನಾನು ಹೊಗಳಿದ್ದು ಅಜ್ಜಿ! ನಮ್ಮ ಕಡೆ ವೇಷ ಅಂದ್ರೆ ಬೈಗುಳ ಅಲ್ಲ. ಮಸಿ ಇಲ್ದಿದ್ರೆ ಬಹುಮಾನ ಕಷ್ಟ, ಅಷ್ಟೆ.”

ಶ್ರೀದೇವಿಗೆ ಬಹುಮಾನದ ಆಸೆ. “ಸುಮ್ನಿರಬೇ ಆಯಿ, ತೊಳಕೊಂಡ್ರಾತು” ಎನ್ನುತ್ತ ಬೆರಳನ್ನು ಡಬ್ಬಿಯಲ್ಲಿ ಅದ್ದಿಯೇಬಿಟ್ಟಳು. ಅಷ್ಟರಲ್ಲಿ ತಲೆಯ ಮೇಲಿನ ಸೆರಗು ಜಾರಿತು. ಎತ್ತಿಕೊಳ್ಳಲು ಹೋದ ಕೈ ಗಾಳಿಯಲ್ಲೇ ನಿಂತಿತು. ಬೆರಳು ಕಪ್ಪಾಗಿತ್ತು.

ನೀಲಗಂಗವ್ವ ಕೂತಲ್ಲಿಂದ ಕದಲಲಿಲ್ಲ, ನೋಡುತ್ತಿದ್ದಳು.

“ಮುಂದಿನ ವೇಷ, ಕೂಲಿ ಹೆಂಗಸು!” ಮೈಕು ಕೂಗಿತು.

“ಆಯಿ,” ಶ್ರೀದೇವಿಯ ದನಿ ಸಣ್ಣಗಾಯಿತು, “ಸೆರಗ ಹೊಚ್ಚಬೇ.”

ಅಜ್ಜಿ ಎದ್ದು ಬಂದು ಸೆರಗು ಹೊದಿಸಿ, ಹಣೆಯ ಮೇಲೆ ಅಂಚು ಸರಿಮಾಡಿದಳು. ಹುಡುಗಿ ಮೇಡಂ ಕಡೆ ತಿರುಗಿ, “ನನ್ನ ಹೆಸರು ತಗೀರಿ ಮೇಡಂ. ನಾ ವೇಷ ಹಾಕಿಲ್ರಿ” ಎಂದಳು.

ಇಬ್ಬರೂ ಹತ್ತಿದ ಕರ್ಜಗಿಯ ಬಸ್ಸು ತುಂಬಿತ್ತು; ಅಜ್ಜಿಗೆ ಮುಂದೆಲ್ಲೋ ಸೀಟು ಸಿಕ್ಕಿತು. ಕಚ್ಚೆಯುಟ್ಟ ಬೇರೊಬ್ಬ ಮುದುಕಿ, ಅದೇ ಸೀರೆಯಲ್ಲಿದ್ದ ಶ್ರೀದೇವಿಯನ್ನು ಎರಡನೆಯ ಸಲ ನೋಡಲೂ ಇಲ್ಲ. ಮೆಣಸಿನಕಾಯಿಯ ಗಂಟನ್ನು ಕಾಲ ಬಳಿ ಎಳೆದುಕೊಂಡು, “ಬಾ ಯವ್ವಾ, ಕುಂದ್ರು” ಎಂದು ಒಳಗೆ ಸರಿದಳು.

ಶ್ರೀದೇವಿ ಕೂತಳು. ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಮಸಿ ಹೋಗದ ಆ ಬೆರಳನ್ನು, ಊರು ಬರುವವರೆಗೂ, ಸೀರೆಗೆ ತಾಗದಂತೆ ಎತ್ತಿ ಹಿಡಿದೇ ಇದ್ದಳು.